ಮಲೆನಾಡಲ್ಲಿ ಬೈಕ್ ಓಡಿಸ್ತೀರಾ? ಮೊಣಕಾಲು ಜೋಪಾನ

ನಮ್ಮ ಕಡೆ ಹುಡುಗರು ಹೆಲ್ಮೆಟ್ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಜಾಕೆಟ್‌ಗೂ ಸಾವಿರಾರು ರೂಪಾಯಿ ಸುರಿಯುತ್ತಾರೆ. ಕಾಲಿಗೆ ಮಾತ್ರ ಅದೇ ಹಳೇ ಜೀನ್ಸ್. ನಾನೂ ಹಾಗೇ ಇದ್ದೆ. ಒಂದು ಜುಲೈನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟವನು, ಮಂಡಗದ್ದೆ ದಾಟಿದ ಮೇಲೆ ಮರಗಳು ಬಗ್ಗಿಕೊಂಡು ಬಿಸಿಲೇ ಬೀಳದ ಒಂದು ತಿರುವಿನಲ್ಲಿ ಪಾಚಿ ಮೇಲೆ ಸರಕ್ಕನೆ ಜಾರಿದೆ. ಸ್ಪೀಡು ಮೂವತ್ತೂ ಇರಲಿಲ್ಲ. ತಲೆಗೆ ಏನೂ ಆಗಲಿಲ್ಲ, ಕೈಗೂ ಆಗಲಿಲ್ಲ. ಎಡ ಮೊಣಕಾಲಿನ ಹತ್ತಿರ ಜೀನ್ಸ್ ಹರಿದು ಅಂಗೈಯಗಲ ಚರ್ಮ ಹೋಗಿತ್ತು, ನೀಲಿ ದಾರದ ಎಳೆಗಳು ಗಾಯದೊಳಗೆ ಹೂತು ಕೂತಿದ್ದವು. ನರ್ಸಮ್ಮ ಚಿಮುಟ ಹಿಡಿದು ಒಂದೊಂದನ್ನೇ ಹೆಕ್ಕಿ ಸ್ಟೀಲ್ ತಟ್ಟೆಗೆ ಹಾಕುತ್ತಿದ್ದರೆ ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಆಮೇಲಿಂದ ಪ್ಯಾಂಟಿನ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಗಿರಾಕಿ.

ನಮ್ಮ ಊರಿನ ತೊಂದರೆ ಏನೆಂದರೆ ಹವೆ ಒಂದೇ ಥರ ಇರುವುದಿಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯಲ್ಲಿ 36-37 ಡಿಗ್ರಿ ಬಿಸಿಲಲ್ಲಿ ಸಿಗ್ನಲ್‌ಗೆ ನಿಂತು ಬೆಂದಿರುತ್ತೀರಿ, ಸಂಜೆ ಹೊಸನಗರ ಮುಟ್ಟುವ ಹೊತ್ತಿಗೆ ಗುಡುಗು ಮಳೆ ಹಿಡಿದುಕೊಳ್ಳುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ. ಡಿಸೆಂಬರ್ ಬೆಳಗ್ಗೆ ಮಂಜು. ಹೀಗಿರುವಾಗ ಎಲ್ಲ ಹವೆಗೂ ಆಗುವ ಒಂದೇ ಪ್ಯಾಂಟ್ ಹುಡುಕಿದರೆ ಯಾವುದಕ್ಕೂ ಸರಿಯಾಗದ ಪ್ಯಾಂಟ್ ಸಿಗುತ್ತದೆ. ನಾನು ಹೇಳುವುದು ಇಷ್ಟೇ: ಬಿದ್ದಾಗ ಕಾಲು ಕಾಯುವ ಕೆಲಸ ಪ್ಯಾಂಟಿಗೆ ಬಿಡಿ, ಮಳೆ ಚಳಿ ನೋಡಿಕೊಳ್ಳುವ ಕೆಲಸಕ್ಕೆ ಬೇರೆ ಪದರ ಇಟ್ಟುಕೊಳ್ಳಿ. ಅಂದರೆ ಗಾಳಿಯಾಡುವ ಗಟ್ಟಿ ರೈಡಿಂಗ್ ಪ್ಯಾಂಟ್ ಒಂದು, ಅದರ ಮೇಲೆ ಹಾಕುವ ರೇನ್ ಪ್ಯಾಂಟ್ ಒಂದು, ಒಳಗೆ ಹಾಕಲು ಥರ್ಮಲ್, ಅಂದರೆ ತೆಳ್ಳನೆಯ ಬೆಚ್ಚನೆಯ ಒಳಪ್ಯಾಂಟ್ ಒಂದು.

ಅಂಗಡಿಗೆ ಹೋದಾಗ ಬಣ್ಣ ಆಮೇಲೆ ನೋಡಿ, ಮೊದಲು ಒಳಗಿನ ಲೇಬಲ್ ಓದಿ. 'ಸಿಇ ಆರ್ಮರ್' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಮೊಣಕಾಲಿನ ಪ್ಯಾಡ್‌ಗೆ ಸಿಕ್ಕ ಯುರೋಪಿನ ಸರ್ಟಿಫಿಕೇಟ್, ಪ್ಯಾಂಟಿನ ಬಟ್ಟೆಗೆ ಅಲ್ಲ. ಎಷ್ಟೋ ಜನ ಇಲ್ಲೇ ಯಾಮಾರುವುದು. ಬಟ್ಟೆ, ಹೊಲಿಗೆ ಎಲ್ಲ ಸೇರಿ ಇಡೀ ಪ್ಯಾಂಟ್ ಪರೀಕ್ಷೆ ಆಗಿದ್ದರೆ 'ಇಎನ್ 17092' ಎಂಬ ಯುರೋಪಿನ ನಂಬರ್ ಇರುತ್ತದೆ, ಪಕ್ಕದಲ್ಲೇ ಎಎಎ, ಎಎ ಅಥವಾ ಎ ಎಂಬ ದರ್ಜೆ. ಎಎಎ ಎಲ್ಲಕ್ಕಿಂತ ಗಟ್ಟಿ, ಆದರೆ ಭಾರ ಮತ್ತು ಸೆಕೆ. ನಮ್ಮ ಬಿಸಿಲಿಗೆ ಅದನ್ನು ದಿನಾ ಹಾಕುವುದು ಕಷ್ಟ. ಎಎ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ಎ ಸಿಕ್ಕರೂ ಜೀನ್ಸ್‌ಗಿಂತ ಎಷ್ಟೋ ಮೇಲು. ಬಿ ದರ್ಜೆಯಲ್ಲಿ ಬಟ್ಟೆ ಎ ಥರವೇ ತಡೆಯುತ್ತದೆ, ಪ್ಯಾಡ್ ಇರುವುದಿಲ್ಲ. ಸಿ ದರ್ಜೆ ಅದರ ಉಲ್ಟಾ, ಪ್ಯಾಡ್ ಹಿಡಿದುಕೊಳ್ಳಲು ಇರುವ ಬಟ್ಟೆ ಅಷ್ಟೆ, ಉಜ್ಜಿದರೆ ಅದು ಕಾಲು ಕಾಯುವುದಿಲ್ಲ.

ಪ್ಯಾಡ್‌ಗೆ 'ಇಎನ್ 1621-1' ಎಂಬ ಬೇರೆ ನಂಬರ್. ಅದರಲ್ಲಿ ಲೆವೆಲ್ 1, ಲೆವೆಲ್ 2 ಎಂದು ಎರಡು. ಒಂದೇ ಅಳತೆಯ ಪೆಟ್ಟು ಹೊಡೆದು, ಪ್ಯಾಡ್ ದಾಟಿ ಒಳಗೆ ಎಷ್ಟು ಬಲ ಬರುತ್ತದೆ ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ವ್ಯತ್ಯಾಸ ಸಣ್ಣದಲ್ಲ. ಪ್ಯಾಡ್ ಹೊರಗೆ ತೆಗೆದು ನೋಡಿ, ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಕೆ ಅಕ್ಷರ ಇದ್ದರೆ ಮೊಣಕಾಲಿಗೆ, ಎಚ್ ಇದ್ದರೆ ಸೊಂಟದ ಪಕ್ಕಕ್ಕೆ. ಟಿ ಪಕ್ಕದಲ್ಲಿ ಪ್ಲಸ್ ಇದ್ದರೆ 40 ಡಿಗ್ರಿ ಶಾಖದಲ್ಲೂ ಪರೀಕ್ಷೆ ಮಾಡಿದ್ದಾರೆ ಎಂದರ್ಥ, ಮೈನಸ್ ಇದ್ದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಈ ಮೆತ್ತನೆಯ ಪ್ಯಾಡ್‌ಗಳು ಚಳಿಗೆ ಗಟ್ಟಿಯಾಗುತ್ತವೆ, ಶಾಖಕ್ಕೆ ಮೆದುವಾಗುತ್ತವೆ. ನಮಗೆ ಬೇಕಾದದ್ದು ಪ್ಲಸ್. ಮೈನಸ್ ಹತ್ತಕ್ಕೆ ನಾವೇನು ಲಡಾಖಲ್ಲಿದ್ದೇವಾ?

ಸೊಂಟದ ಪ್ಯಾಡ್ ಇದೆಯಾ ಎಂದು ಜೇಬಿನೊಳಗೆ ಬೆರಳು ಹಾಕಿ ನೋಡಿ. ಎಷ್ಟೋ ಪ್ಯಾಂಟ್‌ಗಳಲ್ಲಿ ಅಲ್ಲಿ ಬರೀ ಸ್ಪಂಜು ಇರುತ್ತದೆ, ಇಲ್ಲವೇ ಖಾಲಿ. ಪಕ್ಕಕ್ಕೆ ಜಾರಿ ಬಿದ್ದಾಗ ಸೊಂಟದ ಮೂಳೆಯೂ ನೆಲಕ್ಕೆ ಬಡಿಯುತ್ತದೆ. ಖಾಲಿ ಇದ್ದರೆ ಬೇರೆ ತಂದು ತುರುಕಿ.

ಬಟ್ಟೆಯ ವಿಷಯ. ಮೆಶ್ ಅಂದರೆ ಬಲೆ ಥರದ ಬಟ್ಟೆ, ಬೇಸಿಗೆಗೆ ಅದೇ ಸರಿ. ಆದರೆ ಮೆಶ್ ಎಲ್ಲಿದೆ ಎನ್ನುವುದು ಮುಖ್ಯ. ತೊಡೆಯ ಮುಂಭಾಗ, ಮೀನಖಂಡದ ಹಿಂದೆ ಇದ್ದರೆ ಪರವಾಗಿಲ್ಲ. ಮೊಣಕಾಲು, ಕುಂಡೆ, ತೊಡೆಯ ಹೊರಬದಿಯಲ್ಲಿ ಮಾತ್ರ ಕಾರ್ಡುರಾದಂಥ ಗಟ್ಟಿ ನೈಲಾನ್ ಇರಲೇಬೇಕು, ಏಕೆಂದರೆ ರಸ್ತೆ ಮೇಲೆ ಉಜ್ಜುವುದು ಆ ಜಾಗಗಳೇ. ಜಿಮ್‌ಗೆ ಹಾಕುವ ತೆಳು ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೈವೇಗೆ ಹೋಗಲೇಬೇಡಿ. ಉಜ್ಜಿದ ಶಾಖಕ್ಕೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಅದರ ಮುಂದೆ ಹರಿಯುವ ಜೀನ್ಸೇ ಪುಣ್ಯವಂತ. ರೈಡಿಂಗ್ ಜೀನ್ಸ್ ಅಂತಲೂ ಬರುತ್ತದೆ, ನೋಡಲು ಮಾಮೂಲಿ ಪ್ಯಾಂಟ್ ಥರ, ಆಫೀಸಿಗೂ ನಡೆಯುತ್ತದೆ. ಅದನ್ನು ಒಳಗಿನ ಬದಿ ಹೊರಗೆ ಮಾಡಿ ನೋಡಿ. ಉಜ್ಜಿದರೂ ಬೇಗ ಹರಿಯದ, ಹಳದಿ ಬಣ್ಣದ ಕೆವ್ಲಾರ್ ಥರದ ಬಟ್ಟೆ ಮೊಣಕಾಲಿನ ಹತ್ತಿರ ಮಾತ್ರ ಒಂದು ತುಂಡು ಇದೆಯಾ, ಕುಂಡೆಯವರೆಗೂ ಇದೆಯಾ ಗೊತ್ತಾಗುತ್ತದೆ. ನವೆಂಬರ್‌ನಿಂದ ಮೇವರೆಗೆ ಅದು ಚೆನ್ನ. ಮಳೆಗಾಲದಲ್ಲಿ ಬೇಡ, ಒಮ್ಮೆ ನೆನೆದರೆ ನಾಲ್ಕು ದಿನ ಒಣಗುವುದಿಲ್ಲ. ಲೆದರ್ ಬಗ್ಗೆ ಕೇಳಲೇಬೇಡಿ, ಜುಲೈ ಮುಗಿಯುವಷ್ಟರಲ್ಲಿ ಅದರ ಮೇಲೆ ಬೂಷ್ಟು ಬೆಳೆ ತೆಗೆಯಬಹುದು.

ಅಳತೆ ನೋಡುವಾಗ ನಿಂತುಕೊಂಡು ಕನ್ನಡಿ ನೋಡಿದರೆ ಪ್ರಯೋಜನ ಇಲ್ಲ. ಹಾಕಿಕೊಂಡು ಹೊರಗೆ ಬಂದು ನಿಮ್ಮದೇ ಬೈಕ್ ಮೇಲೆ ಕೂರಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ, ಐದಾರು ಸಾವಿರ ಕೊಡುವವರು ನೀವು. ಕಾಲು ಮಡಚಿದಾಗ ಪ್ಯಾಂಟ್ ಮೇಲೆ ಸರಿಯುತ್ತದೆ, ಪ್ಯಾಡ್ ಕೂಡ ಜಾಗ ಬದಲಿಸುತ್ತದೆ. ಕೂತಾಗ ಪ್ಯಾಡ್ ಮೊಣಕಾಲಿನ ಚಿಪ್ಪನ್ನು ಪೂರ್ತಿ ಮುಚ್ಚಿ ಸ್ವಲ್ಪ ಕೆಳಕ್ಕೂ ಇಳಿದಿರಬೇಕು. ಒಳಗೆ ವೆಲ್ಕ್ರೋ ಇದ್ದರೆ ಮೇಲೆ ಕೆಳಗೆ ಮಾಡಿಕೊಳ್ಳಬಹುದು. ಈಗ ಪ್ಯಾಡ್ ಹಿಡಿದು ಪಕ್ಕಕ್ಕೆ ತಿರುಚಿ. ಸುಲಭವಾಗಿ ತಿರುಗಿಬಿಟ್ಟರೆ ಬಿದ್ದಾಗಲೂ ಹಾಗೇ ತಿರುಗುತ್ತದೆ, ಒಂದು ಸೈಜ್ ಕಡಿಮೆ ನೋಡಿ. ಕೆಳಗಡೆ ಕೂತಾಗಲೂ ಶೂ ಮೇಲೆ ಬರುವಷ್ಟು ಉದ್ದ ಇರಲಿ.

ಇನ್ನು ಮಳೆ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ. "ಅಣ್ಣಾ, ಇದು ವಾಟರ್‌ಪ್ರೂಫಾ?" ಎಂದು ಕೇಳಿದರೆ "ಪೂರ್ತಿ ವಾಟರ್‌ಪ್ರೂಫ್ ಸಾರ್" ಎನ್ನುತ್ತಾರೆ. ಎಷ್ಟೋ ಪ್ಯಾಂಟ್‌ಗಳಲ್ಲಿ ಅದರ ಅರ್ಥ ಒಳಗೆ ಜಿಪ್ ಹಾಕಿ ಕೂರಿಸುವ ಒಂದು ಲೈನರ್ ಇದೆ ಎಂದು. ಲೈನರ್ ನೀರು ತಡೆಯುತ್ತದೆ, ಸುಳ್ಳಲ್ಲ. ಆದರೆ ಹೊರಗಿನ ಬಟ್ಟೆ ನೀರು ಕುಡಿದು ಗೋಣಿಚೀಲದಷ್ಟು ಭಾರವಾಗುತ್ತದೆ, ಗಾಳಿಗೆ ಆ ನೀರು ಆರುತ್ತಾ ಕಾಲು ಮರಗಟ್ಟುತ್ತದೆ. ಇನ್ನೊಂದು ತಮಾಷೆ, ಮಳೆ ಶುರುವಾದಾಗ ಲೈನರ್ ಹಾಕಬೇಕೆಂದರೆ ಪ್ಯಾಂಟ್ ಬಿಚ್ಚಬೇಕು. ಆನಂದಪುರದ ಬಸ್‌ಸ್ಟ್ಯಾಂಡಲ್ಲಿ ನಿಂತು ಬಿಚ್ಚುತ್ತೀರಾ? ಅದಕ್ಕೇ ಮೇಲೆ ಹಾಕುವ ರೇನ್ ಪ್ಯಾಂಟೇ ಮಲೆನಾಡಿಗೆ ಸರಿ.

ಅದನ್ನು ಆರಿಸುವಾಗ ಮೂರು ಕಡೆ ಕೈಯಾಡಿಸಿ. ಮೊದಲನೆಯದು ತೊಡೆಸಂದಿಯ ಹೊಲಿಗೆ. ಬೈಕ್ ಮೇಲೆ ಕೂತಾಗ ಟ್ಯಾಂಕಿನಿಂದ ಇಳಿದ ನೀರು ಸೀದಾ ಮಡಿಲಲ್ಲಿ ಕೆರೆ ಕಟ್ಟುತ್ತದೆ, ಹತ್ತು ನಿಮಿಷಕ್ಕೆ ಒಳಗೆ ತಣ್ಣಗೆ ಒಂದು ಗೆರೆ ಇಳಿಯುತ್ತದಲ್ಲ, ಅನುಭವಿಸಿದವರಿಗೇ ಗೊತ್ತು ಆ ಸುಖ. ಒಳಗಿನಿಂದ ಹೊಲಿಗೆ ಮೇಲೆ ಟೇಪ್ ಅಂಟಿಸಿದ್ದಾರಾ, ಆ ಜಾಗದಲ್ಲಿ ಹೊಲಿಗೆಗಳು ಕಡಿಮೆ ಇವೆಯಾ ನೋಡಿ. ಎರಡನೆಯದು ಪಾದದ ಹತ್ತಿರ ಉದ್ದ ಜಿಪ್. ಶೂ ಬಿಚ್ಚದೆ ಹಾಕಿಕೊಳ್ಳುವಂತಿರಬೇಕು. ಆಗದಿದ್ದರೆ ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ತೂರಿಸಿ, ಜಾರಿ ಹೋಗುತ್ತದೆ. ಪ್ಯಾಂಟ್ ಯಾವಾಗಲೂ ಶೂ ಮೇಲೆ ಬರಲಿ, ಒಳಗೆ ತುರುಕಿದರೆ ಶೂ ಕೊಡಪಾನ ಆಗುತ್ತದೆ. ತುದಿಗೆ ಬಿಗಿ ಮಾಡುವ ಪಟ್ಟಿ ಇದ್ದರೆ ಚೈನಿಗೆ, ಕಿಕ್ಕರ್‌ಗೆ ಸಿಕ್ಕಿಕೊಳ್ಳುವುದಿಲ್ಲ. ಕೊಡಚಾದ್ರಿ ಕಡೆ ಹೋಗುವವರಿಗೆ ಇಂಬಳ ಹತ್ತುವುದೂ ಸ್ವಲ್ಪ ಕಮ್ಮಿ.

ಮೂರನೆಯದು ಬಲಗಾಲಿನ ಒಳಬದಿ. ಅಲ್ಲಿ ಶಾಖ ತಡೆಯುವ ದಪ್ಪ ಬಟ್ಟೆ ಇರಬೇಕು. ನನ್ನ ಮೊದಲ ರೇನ್ ಪ್ಯಾಂಟಿಗೆ ಅದು ಇರಲಿಲ್ಲ. ಹುಲಿಕಲ್ ಘಾಟಿಯಲ್ಲಿ ಎದುರಿಗೆ ಲಾರಿ ಬಂತೆಂದು ನಿಲ್ಲಿಸಿ ಕಾಲೂರಿದೆ, ಸೈಲೆನ್ಸರ್‌ಗೆ ತಾಗಿ ಚುಯ್ ಎಂದು ಸದ್ದಾಯಿತು. ಕೈಯಗಲ ತೂತು, ಸೈಲೆನ್ಸರ್ ಮೇಲೆ ಕರೀ ಅಂಟು, ಊರು ಮುಟ್ಟುವವರೆಗೂ ಸುಟ್ಟ ಪ್ಲಾಸ್ಟಿಕ್ ವಾಸನೆ. ಆ ಅಂಟು ಬಿಡಿಸಬೇಕೆಂದರೆ ಸೈಲೆನ್ಸರ್ ಸ್ವಲ್ಪ ಬೆಚ್ಚಗಿರುವಾಗ ಮರದ ಚಕ್ಕೆಯಲ್ಲಿ ಕೆರೆಯಿರಿ, ಚಾಕು ಹಾಕಿದರೆ ಗೀರು ಬೀಳುತ್ತದೆ.

ಚಳಿಗಾಲಕ್ಕೆ ಬೇರೆ ಪ್ಯಾಂಟ್ ಕೊಳ್ಳಬೇಕಿಲ್ಲ. ಒಳಗೆ ಥರ್ಮಲ್, ನಡುವೆ ಅದೇ ಮೆಶ್ ಪ್ಯಾಂಟ್, ಮೇಲೆ ಅದೇ ರೇನ್ ಪ್ಯಾಂಟ್. ಮೆಶ್‌ನಲ್ಲಿ ಚಳಿ ಆಗುವುದು ಗಾಳಿ ನುಗ್ಗುವುದರಿಂದ, ಗಾಳಿ ತಡೆದರೆ ಮುಗಿಯಿತು. ಬೆಳಗಿನ ಜಾವ ತೀರ್ಥಹಳ್ಳಿ ಕಡೆ ಮಂಜಿನಲ್ಲಿ ಹೋದವರಿಗೆ ಗೊತ್ತು, ಮಳೆ ಇಲ್ಲದೆಯೂ ಮೊಣಕಾಲು ಒದ್ದೆಯಾಗಿರುತ್ತದೆ. ಅದಕ್ಕೂ ಇದೇ ಮದ್ದು. ಬಿಸಿಲೇರಿದ ಮೇಲೆ ಟೀ ಅಂಗಡಿ ಮುಂದೆ ಮೇಲಿನದನ್ನು ಬಿಚ್ಚಿ ಬ್ಯಾಗಿಗೆ ಹಾಕಿ.

ಅಷ್ಟು ದುಡ್ಡಿಲ್ಲ ಎನ್ನುವವರು, ತೋಟಕ್ಕೆ, ಪೇಟೆಗೆ ಮಾತ್ರ ಓಡಾಡುವವರು ಪಟ್ಟಿ ಕಟ್ಟುವ 'ನೀ ಗಾರ್ಡ್', ಅಂದರೆ ಮೊಣಕಾಲಿನ ಕವಚ ತಗೊಳ್ಳಿ, ದಪ್ಪ ಪ್ಯಾಂಟಿನ ಮೇಲೆ ಕಟ್ಟಿ. ಮೊಣಕಾಲು ಉಳಿಯುತ್ತದೆ, ತೊಡೆ ಉಳಿಯುವುದಿಲ್ಲ, ಅಷ್ಟು ಲೆಕ್ಕ ಇರಲಿ. ಪಟ್ಟಿ ತೀರಾ ಬಿಗಿದರೆ ಮೊಣಕಾಲಿನ ಹಿಂದೆ ಕೊರೆಯುತ್ತದೆ, ಸಡಿಲ ಬಿಟ್ಟರೆ ಪಾದಕ್ಕೆ ಇಳಿಯುತ್ತದೆ. ಹಿಂದೆ ಕೂರುವವರ ಮೊಣಕಾಲೂ ಮೊಣಕಾಲೇ, ಅವರಿಗೂ ಒಂದು ಜೊತೆ ಇರಲಿ.

ಒಗೆಯುವಾಗ ಪ್ಯಾಡ್ ಎಲ್ಲ ತೆಗೆದು, ತಣ್ಣೀರಲ್ಲಿ ಸೋಪು ಕಮ್ಮಿ ಹಾಕಿ ಕೈಯಲ್ಲೇ ಹಿಂಡದೆ ಒಗೆಯಿರಿ. ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು ಬಚ್ಚಲ ಒಲೆ ಮೇಲೆ ನೇತು ಹಾಕುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ರೇನ್ ಪ್ಯಾಂಟಿಗೆ ಅದು ಬೇಡ, ಒಳಗಿನ ಟೇಪ್ ಬಿಟ್ಟುಕೊಳ್ಳುತ್ತದೆ. ಜಗಲಿಯ ಗಾಳಿಗೆ ಹರವಿ, ಎರಡು ದಿನ ಕಾಯಿರಿ. ಮತ್ತೆ ಪ್ಯಾಡ್ ಹಾಕಲು ಮರೆಯಬೇಡಿ. ನಾನು ಒಮ್ಮೆ ಮರೆತು ಸಾಗರ ಮುಟ್ಟಿದ ಮೇಲೆ ಮೊಣಕಾಲು ಮುಟ್ಟಿ ನೋಡಿಕೊಂಡು ಮನೆಗೆ ಫೋನ್ ಮಾಡಿದೆ. "ಜಗಲಿ ಮೇಲೆ ಕಪ್ಪಗೆ ಎರಡು ಇತ್ತಲ್ಲ, ಅದನ್ನ ಎತ್ತಿಡಮ್ಮ" ಎಂದರೆ ಅಮ್ಮ ಹೇಳಿದಳು, "ಅದಾ? ಕುಕ್ಕರ್ ಕೆಳಗೆ ಇಟ್ಟಿದೀನಿ ಕಣೋ, ಚೂರೂ ಅಲ್ಲಾಡಲ್ಲ."