ಗೋಸುಂಬೆಗೆ ಗೂಡು: ಕೊಳ್ಳುವ ಮೊದಲು ಕೋಣೆಯನ್ನು ನೋಡಿ

ಗೋಸುಂಬೆ ಸಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಗೂಡಿನ ಅಳತೆಯನ್ನು ವಿಚಾರಿಸುತ್ತಾರೆ. ಅದಕ್ಕಿಂತ ಮುಂಚೆ ವಿಚಾರಿಸಬೇಕಾದದ್ದು, ಆ ಗೂಡನ್ನು ಇಡಲಿರುವ ಕೋಣೆಯ ಗಾಳಿ ಎಂಥದ್ದು ಎಂಬುದನ್ನು. ಏಕೆಂದರೆ ಒಂದು ಮನೆಯಲ್ಲಿ ಚೆನ್ನಾಗಿ ಒದಗಿದ ಗೂಡು ಇನ್ನೊಂದು ಮನೆಯಲ್ಲಿ ಪ್ರಾಣಿಯನ್ನು ಕಾಯಿಲೆಗೆ ಬೀಳಿಸಬಹುದು.

ನಮ್ಮ ಬೇಲಿಸಾಲುಗಳಲ್ಲಿ ಕಾಣಸಿಗುವ ಗೋಸುಂಬೆಯನ್ನು ಹಿಡಿದು ತರುವ ಆಲೋಚನೆ ಯಾರಿಗಾದರೂ ಇದ್ದರೆ ಇಲ್ಲಿಗೇ ಬಿಡಬೇಕು. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ವೇಯ್ಲ್ಡ್ ತಳಿ ಹಾಗೂ ಮಡಗಾಸ್ಕರ್‌ನ ಪ್ಯಾಂಥರ್ ತಳಿ. ಇವೆರಡೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಭಾರತದಲ್ಲಿ ಇವನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು.

ಇನ್ನು ಗಾಳಿಯ ವಿಷಯ. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ತೇವ ಕಟ್ಟಿಕೊಂಡು ಗೋಸುಂಬೆಗೆ ಉಸಿರಾಟದ ಸೋಂಕು ತಗಲುತ್ತದೆ. ಆದ್ದರಿಂದಲೇ ನಾಲ್ಕೂ ಕಡೆ ಜಾಲರಿಯಿರುವ ಗೂಡನ್ನು ಬಹಳ ಮಂದಿ ಶಿಫಾರಸು ಮಾಡುತ್ತಾರೆ. ಮಂಗಳೂರಿನ ಮಳೆಗಾಲದಂಥ ಹವೆಗೆ ಅದು ಸರಿಯೇ. ಆದರೆ ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡಿರುವ ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿ, ಅಥವಾ ದಿನವಿಡೀ ಏಸಿ ಓಡುವ ಕೋಣೆಯಲ್ಲಿ, ಬೆಳಿಗ್ಗೆ ಸಿಂಪಡಿಸಿದ ನೀರು ಜಾಲರಿಯ ಗೂಡಿನಲ್ಲಿ ಬೇಗನೆ ಆರಿಹೋಗಿ ಎಲೆಗಳು ಗರಿಗರಿಯಾಗುತ್ತವೆ. ಅಂಥ ಕಡೆ ಮೂರು ಬದಿ ಮುಚ್ಚಿದ್ದು, ಛಾವಣಿಯಲ್ಲಿ ಮತ್ತು ಮುಂಬದಿಯ ಕೆಳಗಿನ ಪಟ್ಟಿಯಲ್ಲಿ ಮಾತ್ರ ಜಾಲರಿಯಿರುವ ಗೂಡು ವಾಸಿ. ಗೂಡಿನ ಮೇಲಿಡುವ ಶಾಖದ ದೀಪದಿಂದ ಬಿಸಿಯಾದ ಗಾಳಿ ಮೇಲಿನಿಂದ ಹೊರಹೋಗುತ್ತ ಕೆಳಗಿನಿಂದ ತಂಪು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಹಳೆಯ ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವುದೂ ಹೀಗೆಯೇ. ಈಗಾಗಲೇ ಪೂರ್ತಿ ಜಾಲರಿಯದನ್ನು ಕೊಂಡಿದ್ದರೆ, ಹಿಂಬದಿಗೂ ಪಕ್ಕಗಳಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದರೂ ನಡೆಯುತ್ತದೆ.

ಬೆಳೆದ ಗಂಡಿಗೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರದ ಗೂಡು ಬೇಕು. ಹೆಣ್ಣಿಗೆ ಒಂದೂವರೆ ಅಡಿ ಅಗಲ, ಮೂರಡಿ ಎತ್ತರ ಕನಿಷ್ಠ. ಮರಿಗೆಂದು ಪುಟ್ಟ ಗೂಡು ಕೊಂಡರೆ ಸುಮಾರು ಒಂದು ವರ್ಷದೊಳಗೆ ಎರಡನೆಯ ಬಾರಿ ದುಡ್ಡು ಕೊಡಬೇಕಾಗುತ್ತದೆ. ಎಷ್ಟೇ ದೊಡ್ಡ ಗೂಡಾದರೂ ಒಳಗೆ ಒಂದೇ ಗೋಸುಂಬೆ ಇರಬೇಕು; ಗಾಜಿನಲ್ಲಿ ತನ್ನದೇ ಬಿಂಬ ಕಂಡರೂ ಅದು ಮೈ ಉಬ್ಬಿಸಿ ಬಣ್ಣ ಕಪ್ಪಾಗಿಸಿಕೊಳ್ಳುವುದುಂಟು. ಗೂಡನ್ನು ನೆಲದ ಮೇಲಿಡದೆ, ಅತಿ ಎತ್ತರದ ಕೊಂಬೆ ನಮ್ಮ ಕಣ್ಣಿಗಿಂತ ಮೇಲೆ ಬರುವಂತೆ ಮೇಜಿನ ಮೇಲೆ ನಿಲ್ಲಿಸಬೇಕು. ತಲೆಯ ಮೇಲಿಂದ ಬಾಗಿ ನೋಡುವ ಯಾವುದೂ ಗೋಸುಂಬೆಗೆ ಹದ್ದೇ.

ಅಂಗಡಿಯಲ್ಲಿ ಜಾಲರಿಯ ಮೇಲೆ ಬೆರಳಾಡಿಸಿ ನೋಡುವುದು ಒಳ್ಳೆಯದು. ಗೋಸುಂಬೆಯ ಐದು ಬೆರಳುಗಳು ಎರಡು ಮತ್ತು ಮೂರರ ಕಟ್ಟುಗಳಾಗಿ ಕೂಡಿಕೊಂಡು ಇಕ್ಕಳದಂತೆ ಹಿಡಿಯುತ್ತವೆ. ತೀರ ಸಣ್ಣ ಕಣ್ಣಿನ ಒರಟು ಲೋಹದ ಜಾಲರಿಯಲ್ಲಿ ಉಗುರು ಸಿಕ್ಕಿಕೊಂಡರೆ ಕಿತ್ತುಬರಬಹುದು. ಪ್ಲಾಸ್ಟಿಕ್ ಲೇಪನವುಳ್ಳ, ಕಣ್ಣು ಸ್ವಲ್ಪ ದೊಡ್ಡದಿರುವ ಜಾಲರಿ ಮೇಲು. ಚೌಕಟ್ಟನ್ನು ಹಿಡಿದು ಅಲುಗಾಡಿಸಿಯೂ ನೋಡಬೇಕು, ಏಕೆಂದರೆ ಮನಿಪ್ಲಾಂಟ್, ದಾಸವಾಳದ ಕುಂಡಗಳ ಮತ್ತು ಅಡ್ಡಕೊಂಬೆಗಳ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಗಿಡಗಳು ಅಲಂಕಾರಕ್ಕಲ್ಲ, ಗೋಸುಂಬೆ ಅವುಗಳ ನಡುವೆ ಅಡಗುತ್ತದೆ, ವೇಯ್ಲ್ಡ್ ಆದರೆ ಎಲೆಯನ್ನೂ ಮೇಯುತ್ತದೆ.

ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ತುದಿಯಲ್ಲಿ ತೂಗುವ ಹನಿಯನ್ನು ನೆಕ್ಕುತ್ತದೆ. ಹಾಗಾಗಿ ಗೂಡಿಗೆ ದಿನವೂ ನೀರು ಬೀಳುತ್ತಲೇ ಇರುತ್ತದೆ. ನಾನು ಮೊದಲು ತಂದ ಗೂಡಿನ ತಳ ಪ್ಲೈವುಡ್‌ನದಾಗಿತ್ತು; ಮೂರು ತಿಂಗಳಲ್ಲಿ ಅದು ಹಪ್ಪಳದಂತೆ ಉಬ್ಬಿ, ಮೂಲೆಗಳಲ್ಲಿ ಬೂಷ್ಟು ಹಿಡಿಯಿತು. ತಳ ಪ್ಲಾಸ್ಟಿಕ್‌ನದಾಗಿದ್ದು, ನೀರು ಬಸಿಯಲು ರಂಧ್ರವೂ ಅದರ ಕೆಳಗೊಂದು ತಟ್ಟೆಯೂ ಇರಬೇಕು.

ಹೆಣ್ಣು ಗೋಸುಂಬೆಗೆ ಕೆಳಗಡೆ ಪ್ರತ್ಯೇಕ ಬಾಗಿಲಿರುವ ಗೂಡನ್ನೇ ಆರಿಸಬೇಕು. ವೇಯ್ಲ್ಡ್ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ, ಮತ್ತು ತೋಡಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಲೂಬಹುದು. ಒಂದಡಿ ಆಳದ, ಒದ್ದೆ ಮರಳು ಮಣ್ಣು ತುಂಬಿದ ಡಬ್ಬ ಆ ಬಾಗಿಲಲ್ಲಿ ತೂರಬೇಕು.

ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲನ್ನು ನಂಬಿ ದೀಪವನ್ನು ಬಿಡುವಂತಿಲ್ಲ. ಮೂಳೆಗಳಿಗೆ ಬೇಕಾದ ಯುವಿಬಿ ಎಂಬ ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆ. ಗೂಡಿನ ಉದ್ದಕ್ಕೂ ಹೊಂದುವ ಟಿ5 ಎಂಬ ತೆಳು ಅಳತೆಯ ಯುವಿಬಿ ಕೊಳವೆ ದೀಪವನ್ನೂ ಪಕ್ಕದಲ್ಲಿ ಒಂದು ಶಾಖದ ಬಲ್ಬನ್ನೂ ಛಾವಣಿಯ ಹೊರಗೆ ಇಡಲು ಸ್ಥಳವಿರಬೇಕು. ಒಳಗಿಟ್ಟರೆ ಗೋಸುಂಬೆ ಬಲ್ಬಿಗೇ ಹತ್ತಿ ಮೈ ಸುಟ್ಟುಕೊಳ್ಳುತ್ತದೆ.

ಗೂಡು ಮನೆಗೆ ಬಂದ ರಾತ್ರಿ, ಒಳಗೊಂದು ಟಾರ್ಚ್ ಹೊತ್ತಿಸಿಟ್ಟು ಕೋಣೆಯ ದೀಪ ಆರಿಸಿ. ಬಾಗಿಲಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡಲ್ಲೆಲ್ಲ ಆಹಾರದ ಹುಳುಗಳು ತಪ್ಪಿಸಿಕೊಳ್ಳಬಲ್ಲವು. ಆಮೇಲೆ ಗಿಡ, ದೀಪ, ನೀರು ಎಲ್ಲವನ್ನೂ ಹೊಂದಿಸಿ ಒಂದು ವಾರ ಖಾಲಿ ಗೂಡನ್ನೇ ನಡೆಸಬೇಕು. ವೇಯ್ಲ್ಡ್ ತಳಿಗಾದರೆ ದೀಪದ ಕೆಳಗಿನ ಕೊಂಬೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್, ಹಗಲಿನ ತೇವಾಂಶ ಶೇ. 40ರಿಂದ 50ರ ಆಸುಪಾಸು ನಿಂತ ಮೇಲೆ ಗೋಸುಂಬೆಯನ್ನು ತರಬಹುದು.