ಮುರುಗಲ ತುಪ್ಪದ ಡಿಯೋಡರೆಂಟ್ ಮಾಡಿ ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕುಮಟಾ ಕಡೆ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಕರಾವಳಿಯ ಸೆಕೆ ಏನೆಂದು ಹೇಳಬೇಕಿಲ್ಲ. ಸ್ನಾನ ಮಾಡಿ ಹೊರಟು ಅರ್ಧ ಗಂಟೆಯೂ ಆಗಿರುವುದಿಲ್ಲ, ಅಂಗಿ ಬೆನ್ನಿಗೆ ಅಂಟಿರುತ್ತದೆ. ಕೈ ಎತ್ತಿ ಕಂಬಿ ಹಿಡಿಯಲೂ ಮುಜುಗರ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿದ್ದಾಗ, ಮೊಬೈಲಿನಲ್ಲಿ ನೋಡಿದ ಅಳತೆಯಂತೆ ಮೊದಲ ಸಲ ಡಿಯೋಡರೆಂಟ್ ಮಾಡಿದೆ. ತೆಂಗಿನೆಣ್ಣೆ, ಅಡುಗೆ ಸೋಡಾ, ಕಾರ್ನ್‌ಫ್ಲೋರ್ ಮೂರೂ ಸಮಸಮ. ಜನವರಿಯ ಚಳಿಗೆ ಚೆನ್ನಾಗಿ ಗಟ್ಟಿಯಾಗಿತ್ತು. ಊರಿಗೆ ಬಂದಾಗ ಚೀಲದೊಳಗೆ ಎಲ್ಲ ಕರಗಿ ಬಟ್ಟೆಯೆಲ್ಲ ಎಣ್ಣೆ. ಹಚ್ಚಿಕೊಳ್ಳಲು ಶುರು ಮಾಡಿ ಎರಡು ವಾರಕ್ಕೆ ಕಂಕುಳು ಕೆಂಪಾಗಿ ಉರಿಯತೊಡಗಿತು. ತಪ್ಪು ಎರಡು ಕಡೆ ಇತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ನಮ್ಮ ಕರಾವಳಿಯಲ್ಲಿ ಅದೊಂದೇ ಸಾಕಾಗುವುದಿಲ್ಲ. ಸೋಡಾ ವಿಪರೀತ ಜಾಸ್ತಿಯಾಗಿತ್ತು. ಈ ಎರಡನ್ನೂ ಸರಿ ಮಾಡಿಕೊಂಡ ಅಳತೆ ಕೆಳಗಿದೆ.

ವಾಸನೆ ಎಲ್ಲಿಂದ ಬರುತ್ತದೆ?

ಹೊಸದಾಗಿ ಬಂದ ಬೆವರಿಗೆ ಹೆಚ್ಚು ಕಡಿಮೆ ವಾಸನೆಯೇ ಇಲ್ಲ. ಕಂಕುಳಲ್ಲಿ ಬೇರೆ ತರದ ಬೆವರಿನ ಗ್ರಂಥಿಗಳೂ ಇವೆ. ಹರೆಯಕ್ಕೆ ಬಂದ ಮೇಲೆ ಅವು ಕೆಲಸ ಶುರು ಮಾಡುತ್ತವೆ. ಅವುಗಳ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೇ ಚಿಕ್ಕ ಮಕ್ಕಳು ಎಷ್ಟು ಬೆವರಿದರೂ ದೊಡ್ಡವರ ಹಾಗೆ ನಾರುವುದಿಲ್ಲ.

ಅಂಗಡಿಯ ಆ್ಯಂಟಿಪರ್ಸ್‌ಪಿರಂಟ್‌ಗಳಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರು ಹೊರಬರುವ ದಾರಿಯನ್ನೇ ಸ್ವಲ್ಪ ಹೊತ್ತು ಮುಚ್ಚುತ್ತವೆ. ನಾವು ಮಾಡುವುದು ಹಾಗಲ್ಲ. ಬೆವರು ಬರಲಿ, ಅದು ಮೈ ತಣ್ಣಗಿಡುವ ಕೆಲಸ. ಆ ಜಾಗ ಒದ್ದೆಯಾಗಿ ಉಳಿಯದಂತೆ, ಬ್ಯಾಕ್ಟೀರಿಯಾಗಳ ಆಟ ಕಡಿಮೆಯಾಗುವಂತೆ ನೋಡಿಕೊಂಡರೆ ಸಾಕು.

ಏನೇನು ಬೇಕು?

ತೆಂಗಿನೆಣ್ಣೆ 30 ಗ್ರಾಂ, ಮುರುಗಲ ತುಪ್ಪ 20 ಗ್ರಾಂ, ಜೇನುಮೇಣ 5 ಗ್ರಾಂ, ಕೂವೆ ಹುಡಿ (ಆರಾರೂಟ್ ಪುಡಿ) 35 ಗ್ರಾಂ, ಅಡುಗೆ ಸೋಡಾ ತಲೆ ಸವರಿದ ಅರ್ಧ ಟೀ ಚಮಚ, ಪರಿಮಳಕ್ಕೆ ಲಾವಂಚದ ಎಣ್ಣೆ 10 ಹನಿ. ಇಬ್ಬರಿಗೆ ಒಂದೆರಡು ತಿಂಗಳು ಧಾರಾಳ ಸಾಕು.

ಮುರುಗಲ ತುಪ್ಪವೇ ಇದರ ಜೀವ. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುವ ಹಣ್ಣನ್ನೇ ಉತ್ತರ ಕನ್ನಡದಲ್ಲಿ ಮುರುಗಲು ಅನ್ನುತ್ತಾರೆ. ಬೇಸಿಗೆಯಲ್ಲಿ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡೇ ಈ ತುಪ್ಪ. ಆರಿದ ಮೇಲೆ ಮೇಣದ ಹಾಗೆ ಗಟ್ಟಿ, ಅದನ್ನು ಉಂಡೆ ಕಟ್ಟಿಡುತ್ತಾರೆ. ಕರಗಲು 40 ಡಿಗ್ರಿಯ ಆಸುಪಾಸು ಬೇಕು. ಹಾಗಾಗಿ ಡಬ್ಬಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬೆರಳಿನಿಂದ ಉಜ್ಜಿದರೆ ಮೆತ್ತಗಾಗುತ್ತದೆ. ಇದಕ್ಕೆ ಅದರದೇ ಜೋರು ಪರಿಮಳ ಅಂತೇನೂ ಇಲ್ಲ. ದೂರದ ದೇಶದ ಶಿಯಾ ಬೆಣ್ಣೆಗೆ ದುಡ್ಡು ಕೊಡುವ ಬದಲು ಇದನ್ನು ತಂದರೆ ಊರಿನ ಯಾರದೋ ಮನೆಗೆ ನಾಲ್ಕು ಕಾಸು ಹೋಗುತ್ತದೆ ಅಲ್ವಾ?

ಕೂವೆ ಹುಡಿ ಒದ್ದೆ ಹೀರುತ್ತದೆ, ಚರ್ಮಕ್ಕೆ ನಯ. ಸಿಗದಿದ್ದರೆ ಕಾರ್ನ್‌ಫ್ಲೋರ್ ಆಗುತ್ತದೆ. ಬೆಂಗಳೂರು, ಶಿರಸಿ ಕಡೆಯವರು ಚಳಿಗಾಲದಲ್ಲಿ ಜೇನುಮೇಣ ಹಾಕುವುದು ಬೇಡ. ಹಾಕಿದರೆ ಕೆರೆದು ತೆಗೆಯಬೇಕಾದಷ್ಟು ಗಟ್ಟಿಯಾಗುತ್ತದೆ.

ಸೋಡಾ ವಿಷಯದಲ್ಲಿ ಮಾತ್ರ ದಯವಿಟ್ಟು ಕೈ ಬಿಗಿ ಹಿಡಿಯಿರಿ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಸುಮಾರು 5. ಸೋಡಾ ಕ್ಷಾರ, ಪಿಎಚ್ 8ಕ್ಕಿಂತ ಮೇಲೆ. ದಿನಾ ಜಾಸ್ತಿ ಹಚ್ಚಿದರೆ ಕೆಂಪು, ತುರಿಕೆ, ಉರಿ ಬರಬಹುದು. ಸೂಕ್ಷ್ಮ ಚರ್ಮದವರು ಪೂರ್ತಿ ಬಿಟ್ಟುಬಿಡಿ, ಕೂವೆ ಹುಡಿಯೇ ಸಾಕಷ್ಟು ಕೆಲಸ ಮಾಡುತ್ತದೆ. ಬಟ್ಟೆ ಒಗೆಯುವ ಸೋಡಾವನ್ನಂತೂ ತಪ್ಪಿಯೂ ಹಾಕಬೇಡಿ.

ಮಾಡುವುದು ಹೀಗೆ

ಮೊದಲು ಡಬ್ಬಿ ತೊಳೆದು ಬಿಸಿಲಲ್ಲಿ ಒಣಗಿಸಿ. ಒಂದು ಹನಿ ನೀರೂ ಉಳಿಯಬಾರದು. ನೀರಿನಂಶ ಇಲ್ಲದಿದ್ದರೆ ಇದಕ್ಕೆ ಬೂಸ್ಟು ಹಿಡಿಯುವುದಿಲ್ಲ.

ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಸ್ಟೀಲ್ ಬಟ್ಟಲು ಕೂರಿಸಿ. ನೇರ ಬೆಂಕಿಗೆ ಬೇಡ. ಬಟ್ಟಲಿಗೆ ಮೊದಲು ಜೇನುಮೇಣ ತುರಿದು ಹಾಕಿ. ಅದು ಕರಗಲು 60 ಡಿಗ್ರಿಗಿಂತ ಹೆಚ್ಚು ಶಾಖ ಬೇಕು, ನಿಧಾನ. ಆಮೇಲೆ ಮುರುಗಲ ತುಪ್ಪ, ಕೊನೆಗೆ ತೆಂಗಿನೆಣ್ಣೆ. ಎಲ್ಲ ತಿಳಿಯಾದ ಕೂಡಲೇ ಕೆಳಗಿಳಿಸಿ.

ಕೂವೆ ಹುಡಿ ಮತ್ತು ಸೋಡಾವನ್ನು ಒಟ್ಟಿಗೆ ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ. ಈಗ ಅವಸರ ಮಾಡಬಾರದು. ತೆಳುವಾಗಿರುವಾಗಲೇ ಡಬ್ಬಿಗೆ ಸುರಿದರೆ ಹುಡಿಯೆಲ್ಲ ತಳಕ್ಕೆ ಇಳಿದು, ಮೇಲೆ ಬರೀ ಎಣ್ಣೆ ನಿಲ್ಲುತ್ತದೆ. ಆಗಾಗ ತಿರುವುತ್ತಾ, ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕಾಯಿರಿ. ಬಟ್ಟಲು ಮುಟ್ಟುವಷ್ಟು ಆರಿದ ಮೇಲೆ ಲಾವಂಚದ ಎಣ್ಣೆ ಹನಿಸಿ. ಬಿಸಿಯಲ್ಲಿ ಹಾಕಿದರೆ ಪರಿಮಳ ಹಾರಿಹೋಗುತ್ತದೆ. ಡಬ್ಬಿಗೆ ತುಂಬಿ ಒಂದು ರಾತ್ರಿ ಹಾಗೇ ಬಿಡಿ.

ಹಚ್ಚುವ ಮುಂಚೆ

ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಸವರಿ ಎರಡು ದಿನ ನೋಡಿ. ಕೆಂಪಾಗದಿದ್ದರೆ ಮುಂದುವರಿಯಿರಿ. ಸ್ನಾನವಾಗಿ ಕಂಕುಳು ಪೂರ್ತಿ ಒಣಗಿದ ಮೇಲೆ, ಕಡಲೆಕಾಳಿನಷ್ಟು ತೆಗೆದು ಹಚ್ಚಿ, ಎರಡು ನಿಮಿಷ ಬಿಟ್ಟು ಅಂಗಿ ಹಾಕಿ. ಇಲ್ಲದಿದ್ದರೆ ಎಣ್ಣೆ ಕಲೆ ಖಂಡಿತ. ಕೂದಲು ತೆಗೆದ ದಿನ ಹಚ್ಚಬೇಡಿ. ವಿಪರೀತ ಬೆವರುವ ದಿನ ಮಧ್ಯಾಹ್ನ ಒರೆಸಿ ಇನ್ನೊಮ್ಮೆ ಹಚ್ಚಬೇಕಾಗುತ್ತದೆ.

ಎಣ್ಣೆ ಅಂಶವೇ ಬೇಡ ಅನ್ನುವವರಿಗೆ ಕ್ಷೌರದಂಗಡಿಯ ಪಟಿಕ ಇದೆ. ಒದ್ದೆ ಮಾಡಿ ಕಂಕುಳಿಗೆ ಸವರಿ ಒಣಗಲು ಬಿಟ್ಟರಾಯಿತು. ಆದರೆ ಅದರಲ್ಲಿ ಅಲ್ಯೂಮಿನಿಯಂ ಇದೆ. ಅದು ಬೇಡವೆಂದೇ ಮನೆಯಲ್ಲಿ ಮಾಡಿಕೊಳ್ಳುವವರು ಇದನ್ನು ತಿಳಿದಿರಬೇಕು. ನಿಂಬೆರಸ ಹಚ್ಚಿ ಅಂತ ಹೇಳುವವರೂ ಇದ್ದಾರೆ. ಬೇಡ. ಲಿಂಬೆ ಜಾತಿಯ ರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಆಗಿ ಕಪ್ಪು ಕಲೆ ಉಳಿಯಬಹುದು. ಮೈ ವಾಸನೆ ಇದ್ದಕ್ಕಿದ್ದ ಹಾಗೆ ಬದಲಾದರೆ ಡಬ್ಬಿ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ.

ಡಬ್ಬಿಯನ್ನು ಬಿಸಿಲು ಬೀಳದ ಕಡೆ ಇಡಿ, ಒಣ ಬೆರಳಿನಿಂದಲೇ ತೆಗೆಯಿರಿ. ಕನರು ವಾಸನೆ ಬಂದರೆ ಎಸೆದು ಹೊಸದು ಮಾಡಿ. ಉಳಿದ ಮುರುಗಲ ತುಪ್ಪದ ಉಂಡೆಯನ್ನು ಮಾತ್ರ ಜೋಪಾನವಾಗಿ ಎತ್ತಿಡಿ. ಡಿಸೆಂಬರಿನಲ್ಲಿ ಹಿಮ್ಮಡಿ ಒಡೆದಾಗ ಅಮ್ಮ ಅದನ್ನೇ ಕೇಳುತ್ತಾರೆ.