1820ರ ಮಿಸೌರಿ ಮತದ ನಕ್ಷೆ: ಚುಕ್ಕೆ ಇಟ್ಟ ಮೇಲೆ ಕೆಲಸ ಆಯಿತು

ಮಿಸೌರಿಯನ್ನು ಗುಲಾಮಗಿರಿ ಇರುವ ರಾಜ್ಯವಾಗಿ ಸೇರಿಸಿಕೊಳ್ಳಬೇಕೇ ಎಂದು ಅಮೆರಿಕದ ಕಾಂಗ್ರೆಸ್ಸಿನಲ್ಲಿ ನಡೆದ ಮತದಾನವನ್ನು ನಕ್ಷೆ ಮಾಡಿ ಪ್ರಯೋಜನ ಇಲ್ಲ ಎಂದು ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳಿದ್ದರು. "ಉತ್ತರಕ್ಕೆ ಒಂದು ಬಣ್ಣ, ದಕ್ಷಿಣಕ್ಕೆ ಒಂದು ಬಣ್ಣ, ಮಧ್ಯೆ ಒಂದು ಗೆರೆ. ಪಠ್ಯಪುಸ್ತಕದಲ್ಲೇ ಇದೆಯಲ್ಲ" ಎಂಬ ಮಾತು. ಈಗ ಆ ನಕ್ಷೆ ನಮ್ಮ ತರಗತಿಯ ಗೋಡೆ ಮೇಲಿದೆ. ಬೇರೆ ಕೆಲವು ಕಾಲೇಜಿನವರೂ ದುಡ್ಡು ಕೊಟ್ಟು ತರಿಸಿಕೊಂಡಿದ್ದಾರೆ. ಆಗ ನಕ್ಕವರಲ್ಲಿ ಒಬ್ಬರು ಪರೀಕ್ಷೆಗೆ ಮುಂಚೆ ಬಂದು ಅದರ ಮುಂದೆ ನಿಂತು ಪಾಠ ಮಾಡಿ ಹೋದರು. ಅಷ್ಟು ಸಾಕು ನನಗೆ.

ಅಮೆರಿಕದ ಇತಿಹಾಸ ಪಾಠ ಮಾಡುವವರಿಗೆ, ಜೊತೆಗೆ ಸ್ವಲ್ಪ ಕ್ಯೂಜಿಐಎಸ್ (ನಕ್ಷೆ ಮಾಡುವ ತಂತ್ರಾಂಶ) ಹುಚ್ಚು ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಜಾಯಿನ್ ಹೇಗೆ, ಪ್ರೊಜೆಕ್ಷನ್ ಯಾವುದು ಎಂಬುದನ್ನೆಲ್ಲ ಹೇಳುವುದಿಲ್ಲ. ಯಾರು ಹೇಗೆ ಓಟು ಹಾಕಿದರು ಎಂಬ ಪಟ್ಟಿ ಕಾಂಗ್ರೆಸ್ ಮತಗಳ ಜಾಲತಾಣ ವೋಟ್‌ವ್ಯೂನಲ್ಲಿ ಇದೆ. ಹಳೆಯ ಕ್ಷೇತ್ರಗಳ ಗಡಿ ಇರುವ ಶೇಪ್‌ಫೈಲ್ ಕೂಡ ಪುಕ್ಕಟೆ ಸಿಗುತ್ತದೆ. ಇದು ಗೊತ್ತಾಗುವ ಮೊದಲು ಒಬ್ಬ ಹುಡುಗನಿಗೆ ಹಳೆ ಅಟ್ಲಾಸಿನ ಗಡಿಗಳನ್ನು ಕೈಯಲ್ಲಿ ಎಳೆಯಲು ಸುಮಾರು ಆರು ಸಾವಿರ ಕೊಟ್ಟಿದ್ದೆ. ಆ ದುಡ್ಡು ನೀರಲ್ಲಿ ಹೋಮ. ನೀವು ಕೊಡಬೇಡಿ.

ಮೊದಲು ಎಲ್ಲರಂತೆ ಪಕ್ಷದ ಪ್ರಕಾರ ಬಣ್ಣ ಹಾಕಿದೆ. ಇಡೀ ದೇಶ ಹೆಚ್ಚುಕಮ್ಮಿ ಒಂದೇ ಬಣ್ಣ ಬಂತು. ಬರದೇ ಇನ್ನೇನು? ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಮನ್ರೋಗೆ ಬಿದ್ದದ್ದು 232ರಲ್ಲಿ 231 ಎಲೆಕ್ಟೋರಲ್ ಮತ. ಎದುರು ಪಕ್ಷದ ಫೆಡರಲಿಸ್ಟರು ಅಲ್ಲೊಂದು ಇಲ್ಲೊಂದು ಉಳಿದಿದ್ದರು, ಅಷ್ಟೇ. ಪಕ್ಷ ನೋಡಿದರೆ ಜಗಳವೇ ಕಾಣುವುದಿಲ್ಲ. ಹಾಗಾಗಿ ಪಕ್ಷದ ಕಾಲಂ ಅಳಿಸಿ ಹಾಕಿ, ಒಂದೊಂದು ಮತಕ್ಕೂ ಬೇರೆ ಬೇರೆ ನಕ್ಷೆ ಮಾಡಲು ಕೂತೆ.

ನಾನು ಆರಿಸಿಕೊಂಡದ್ದು 1820ರ ಮಾರ್ಚ್ 2ರ ಎರಡು ಮತಗಳು. ಹಿಂದಿನ ವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಟಾಲ್ಮಡ್ಜ್ ತಂದ ತಿದ್ದುಪಡಿ ಕೆಳಮನೆಯಲ್ಲಿ ಗೆದ್ದಿತ್ತು. ಮಿಸೌರಿಗೆ ಹೊಸದಾಗಿ ಗುಲಾಮರನ್ನು ತರಬಾರದು ಎಂಬ ಭಾಗಕ್ಕೆ 87–76. ಸೆನೆಟ್ ಅದನ್ನು ಒದ್ದು ಹೊರಗೆ ಹಾಕಿತು. ಒಂದು ವರ್ಷ ಬಿಟ್ಟು ಅದೇ ಕೆಳಮನೆ, ಮಿಸೌರಿ ಮೇಲಿನ ನಿರ್ಬಂಧವನ್ನು ತಾನೇ ಕೈಬಿಟ್ಟಿತು. ಈ ಸಲ 90–87. ಅವತ್ತೇ 36 ಡಿಗ್ರಿ 30 ನಿಮಿಷದ ಗೆರೆಗೆ, ಅಂದರೆ ಮಿಸೌರಿ ಬಿಟ್ಟು ಆ ಅಕ್ಷಾಂಶದ ಉತ್ತರಕ್ಕಿರುವ ಪಶ್ಚಿಮದ ಹೊಸ ನೆಲದಲ್ಲಿ ಗುಲಾಮಗಿರಿ ಬೇಡ ಎಂಬುದಕ್ಕೆ, 134–42. ಪಾಠದಲ್ಲಿ ಈ ಎರಡನ್ನೂ ಸೇರಿಸಿ ಸುಮ್ನೆ "ಮಿಸೌರಿ ಒಪ್ಪಂದ" ಎಂದು ಓದಿಸಿಬಿಡುತ್ತೇವೆ. ಎರಡೂ ಬೇರೆ ಬೇರೆ ಮತ, ಓಟು ಹಾಕಿದ ಗುಂಪುಗಳೂ ಬೇರೆ ಬೇರೆ. ನಕ್ಷೆಯಲ್ಲಿ ಇದು ಕಾಣಬೇಕು ಎಂಬುದೇ ನನ್ನ ಹಟ.

ಕ್ಷೇತ್ರಗಳಿಗೆ ಬಣ್ಣ ತುಂಬಿದೆ. ಅಲ್ಲಿಂದ ಶುರು ತಲೆನೋವು. ಆ ಕಾಲದಲ್ಲಿ ಎಲ್ಲ ರಾಜ್ಯಗಳಲ್ಲೂ ಕ್ಷೇತ್ರಗಳಿರಲಿಲ್ಲ. ಕನೆಕ್ಟಿಕಟ್‌ಗೆ ಏಳು ಸೀಟು, ನ್ಯೂ ಜೆರ್ಸಿಗೆ ಆರು, ನ್ಯೂ ಹ್ಯಾಂಪ್‌ಶೈರ್‌ಗೆ ಆರು, ಜಾರ್ಜಿಯಾಗೆ ಆರು. ಎಲ್ಲರೂ ಇಡೀ ರಾಜ್ಯದಿಂದ ಆರಿಸಿ ಬಂದವರು. ಅಂದರೆ ಒಂದೇ ಪಾಲಿಗನ್ (ನಕ್ಷೆಯಲ್ಲಿ ಗಡಿ ಎಳೆದ ಆಕಾರ) ಮೇಲೆ ಆರೋ ಏಳೋ ಪದರ. ಕೊನೆಗೆ ಯಾರ ಸಾಲು ಬರುತ್ತದೋ ಅವನ ಬಣ್ಣವೇ ಇಡೀ ರಾಜ್ಯದ ಬಣ್ಣ. ನ್ಯೂ ಜೆರ್ಸಿಯಲ್ಲಿ ಬ್ಲೂಮ್‌ಫೀಲ್ಡ್, ಕಿನ್ಸಿ, ಸ್ಮಿತ್ ಮೂವರು 90–87ರ ಮತದಲ್ಲಿ ದಕ್ಷಿಣದ ಜೊತೆ ಓಟು ಹಾಕಿದರು, ಉಳಿದವರು ಹಾಕಲಿಲ್ಲ. ಮತದ ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದರೆ ರಾಜ್ಯ ಒಂದು ಬಣ್ಣ, ಕೋಡ್ ಪ್ರಕಾರ ಜೋಡಿಸಿದರೆ ಇನ್ನೊಂದು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ಒಂದೇ ಕ್ಷೇತ್ರಕ್ಕೆ ಇಬ್ಬರು ಮೂವರು ಇದ್ದದ್ದೂ ಉಂಟು. ಇನ್ನು ಇಲಿನಾಯ್ಸ್ ನೋಡಿ. ಇಡೀ ರಾಜ್ಯಕ್ಕೆ ಒಬ್ಬನೇ ಪ್ರತಿನಿಧಿ, ನಕ್ಷೆಯಲ್ಲಿ ಮಾತ್ರ ಕಣ್ಣಿಗೆ ರಾಚುವಷ್ಟು ಬಣ್ಣ. ನ್ಯೂಯಾರ್ಕ್ ನಗರ ಇರುವೆ ಗಾತ್ರ.

ಪಟ್ಟೆ ಪಟ್ಟೆ ಬಣ್ಣ ಹಾಕಿ ನೋಡಿದೆ. ಸೀರೆ ಅಂಗಡಿ ಬ್ಯಾನರ್ ಥರ ಕಂಡಿತು. ಅದನ್ನೂ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿಬಿಟ್ಟಿದ್ದೆ. ನಾಲ್ಕಕ್ಕೆ ಆರು ಅಡಿ, ನಾನೂರು ನಾನೂರೈವತ್ತು ರೂಪಾಯಿ ಇರಬೇಕು. ಈಗ ಅದು ಮನೆಯ ಹಿಂದೆ ಸೌದೆ ಮುಚ್ಚಲು ಇದೆ.

ಕೊನೆಗೆ ನೆಲಕ್ಕೆ ಬಣ್ಣ ಹಾಕುವುದನ್ನೇ ಬಿಟ್ಟೆ. ನೆಲ ಪೂರ್ತಿ ತಿಳಿ ಬೂದು. ಒಬ್ಬ ಸದಸ್ಯನಿಗೆ ಒಂದು ಚುಕ್ಕೆ, ಎಲ್ಲ ಚುಕ್ಕೆಗಳೂ ಒಂದೇ ಗಾತ್ರ. ಹೌದು ಎಂದವರಿಗೆ ಕಿತ್ತಳೆ, ಇಲ್ಲ ಎಂದವರಿಗೆ ನೀಲಿ. ಕೆಂಪು ಮುಟ್ಟಲಿಲ್ಲ. ಕೆಂಪು ಕಂಡರೆ ಹುಡುಗರು ಇವತ್ತಿನ ರಿಪಬ್ಲಿಕನ್ ಪಕ್ಷವನ್ನು ತಂದು 1820ಕ್ಕೆ ಅಂಟಿಸುತ್ತಾರೆ. "ಮಚ್ಚೆ ಮಚ್ಚೆ ಕಾಣುತ್ತೆ, ಯಾರಿಗೂ ಅರ್ಥ ಆಗಲ್ಲ" ಎಂದು ಆಗಲೂ ಹೇಳಿದರು. ನಾನು ಇನ್ನೂ ಎರಡು ಕೆಲಸ ಮಾಡಿದೆ.

ಒಂದು, ತನ್ನ ಭಾಗದ ವಿರುದ್ಧ ಓಟು ಹಾಕಿದವನ ಚುಕ್ಕೆಗೆ ದಪ್ಪ ಕಪ್ಪು ಉಂಗುರ. 90–87ರ ನಕ್ಷೆಯಲ್ಲಿ ಗುಲಾಮಗಿರಿ ಇದ್ದ ರಾಜ್ಯಗಳಿಂದ ಓಟು ಹಾಕಿದ 76 ಮಂದಿಯೂ ಒಂದೇ ಬಣ್ಣ, ಒಂದು ಉಂಗುರವೂ ಇಲ್ಲ. ಉತ್ತರದಲ್ಲಿ ಮಾತ್ರ ಹದಿನಾಲ್ಕು ಉಂಗುರ. ಇಬ್ಬರು ಮನಸ್ಸು ಬದಲಿಸಿದ್ದರೆ ಲೆಕ್ಕ ತಲೆಕೆಳಗು. ಹುಡುಗರು ಗೋಡೆಗೆ ಮೂಗು ತಾಗಿಸಿ ಆ ಉಂಗುರಗಳನ್ನು ಎಣಿಸುತ್ತಾರೆ, "ಸರ್, ಇವನ್ಯಾಕೆ ಆ ಕಡೆ ಹೋದ?" ಎಂದು ಕೇಳುತ್ತಾರೆ. ಹತ್ತು ವರ್ಷ ನೋಟ್ಸ್ ಬರೆಸಿದೆ, ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

ಕೆಲವು ಉಂಗುರಗಳಿಗೆ ಒಳ್ಳೆ ಕಥೆ ಇದೆ. ಜಾನ್ ಹೋಮ್ಸ್ ಕೋಡ್ ಪ್ರಕಾರ ಮ್ಯಾಸಚೂಸೆಟ್ಸ್‌ನವನು. ಆದರೆ ಅವನ ಊರು ಮೇನ್, ಅದು ಆಗಿನ್ನೂ ಮ್ಯಾಸಚೂಸೆಟ್ಸ್‌ನ ಭಾಗ. ಮಾರ್ಚ್ 4ರ ಒಳಗೆ ಕಾಂಗ್ರೆಸ್ ಒಪ್ಪದಿದ್ದರೆ ಬೇರೆ ರಾಜ್ಯವಾಗುವ ಅನುಮತಿಯೇ ಬಿದ್ದುಹೋಗುತ್ತಿತ್ತು. ಮೇನ್‌ನ ಮಸೂದೆಯನ್ನು ಸೆನೆಟ್ ಮಿಸೌರಿಗೆ ಗಂಟು ಹಾಕಿ ಕೂತಿತ್ತು. ಹೋಮ್ಸ್ ಯಾಕೆ ಆ ಕಡೆ ಹೋದ ಎಂದು ಮತ್ತೆ ಹೇಳಬೇಕಾ? ಅವನ ಚುಕ್ಕೆಯನ್ನು ನಾನು ಮೇನ್ ನೆಲದಲ್ಲೇ ಇಟ್ಟಿದ್ದೇನೆ. ಕೋಡ್ ಹೇಳಿದಂತೆ ಬಾಸ್ಟನ್ ಹತ್ತಿರ ಇಟ್ಟರೆ ಅರ್ಧ ಕಥೆ ಸತ್ತಂತೆ. ಮಾಜಿ ಅಧ್ಯಕ್ಷ ಜೆಫರ್ಸನ್ ಏಪ್ರಿಲ್‌ನಲ್ಲಿ ಬರೆದ ಆ ಪ್ರಸಿದ್ಧ ಕಾಗದ, ಮಿಸೌರಿ ಪ್ರಶ್ನೆ ರಾತ್ರಿಯ ಬೆಂಕಿ ಗಂಟೆಯಂತೆ ಬೆಚ್ಚಿಬೀಳಿಸಿತು ಎಂದದ್ದು, ಇದೇ ಹೋಮ್ಸ್‌ಗೆ.

ಎರಡನೆಯ ಕೆಲಸ, ಗೈರಾದವರನ್ನು ಅಳಿಸಬಾರದು. ವೋಟ್‌ವ್ಯೂ ಕೋಡ್‌ನಲ್ಲಿ 9 ಅಂದರೆ ಓಟು ಹಾಕಿಲ್ಲ, 0 ಅಂದರೆ ಆಗ ಸದಸ್ಯನೇ ಅಲ್ಲ. ಹೆಚ್ಚಿನವರು ಎರಡನ್ನೂ ಒಟ್ಟಿಗೆ ಕಸದ ಬುಟ್ಟಿಗೆ ಹಾಕುತ್ತಾರೆ. ನಾನು 0 ತೆಗೆದೆ, 9ಕ್ಕೆ ಖಾಲಿ ಚುಕ್ಕೆ ಇಟ್ಟೆ. ಕಿನ್ಸಿಯನ್ನೇ ನೋಡಿ. ಅವನು 1820ರ ಫೆಬ್ರವರಿಯಲ್ಲಷ್ಟೇ ಆ ಅವಧಿಯ ಸದನಕ್ಕೆ ಬಂದವನು, ಜನವರಿಯ ಮತಗಳಲ್ಲಿ ಅವನಿಗೆ ಚುಕ್ಕೆ ಇರಬಾರದು. ಹೆನ್ರಿ ಕ್ಲೇ ಸ್ಪೀಕರ್, ಓಟು ಹಾಕಲಿಲ್ಲ, ಅವನದ್ದೂ ಖಾಲಿ ಚುಕ್ಕೆ. ತಮಾಷೆ ನೋಡಿ, ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿದವನಿಗೆ ನಕ್ಷೆಯಲ್ಲಿ ಬಣ್ಣವೇ ಇಲ್ಲ. ಮರುದಿನ ಒಪ್ಪಂದದ ವಿರೋಧಿ, ವರ್ಜೀನಿಯಾದ ರ‍್ಯಾಂಡಾಲ್ಫ್ ಮತ್ತೆ ಮತಕ್ಕೆ ಹಾಕಿ ಎಂದಾಗ, ಮೊದಲು ದಿನದ ಮಾಮೂಲಿ ಕೆಲಸ ಮುಗಿಯಲಿ ಎಂದು ಕೂರಿಸಿ, ಅಷ್ಟರಲ್ಲಿ ಮಸೂದೆಯನ್ನು ಸೆನೆಟ್ಟಿಗೆ ಕಳಿಸಿದ ಆಸಾಮಿ ಅವನು.

ಖಾಲಿ ಚುಕ್ಕೆಯ ಬೆಲೆ ನಿಜವಾಗಿ ತಿಳಿದದ್ದು 1833ರ ಫೋರ್ಸ್ ಬಿಲ್ ಮಾಡುವಾಗ. ದಕ್ಷಿಣ ಕೆರೊಲಿನಾ ಸುಂಕದ ಕಾನೂನು ನಮಗೆ ಲಾಗೂ ಇಲ್ಲ ಎಂದು ಕೂತಿತ್ತಲ್ಲ, ಆಗ ಅಧ್ಯಕ್ಷ ಜಾಕ್ಸನ್ ಸೇನೆ ಬಳಸಲು ಕೇಳಿದ ಮಸೂದೆ. ಸೆನೆಟ್ಟಿನಲ್ಲಿ 32–1. ವಿರುದ್ಧ ಓಟು ಹಾಕಿದವನು ವರ್ಜೀನಿಯಾದ ಜಾನ್ ಟೈಲರ್ ಒಬ್ಬನೇ. ಓಟು ಹಾಕಿದವರನ್ನು ಮಾತ್ರ ತೋರಿಸಿದರೆ ಇಡೀ ದೇಶವೇ ಜಾಕ್ಸನ್ ಹಿಂದೆ ನಿಂತಂತೆ ಕಾಣುತ್ತದೆ. ಆದರೆ ಆಗ 24 ರಾಜ್ಯ, 48 ಸೀಟು. ಉಳಿದವರೆಲ್ಲಿ? ದಕ್ಷಿಣ ಕೆರೊಲಿನಾದ ಕ್ಯಾಲ್ಹೂನ್ ಮತ್ತು ಅವನ ಕಡೆಯವರು ಎದ್ದು ಹೊರಗೆ ನಡೆದಿದ್ದರು. ಖಾಲಿ ಚುಕ್ಕೆ ಇಟ್ಟ ಕೂಡಲೇ ದಕ್ಷಿಣದಲ್ಲಿ ಅವುಗಳ ಸಾಲು ಎದ್ದು ಬಂತು. ಆ ನಕ್ಷೆ ನೋಡಿದ ಮೇಲೆ ವಿಭಾಗದಲ್ಲಿ ಯಾರೂ ಮಚ್ಚೆ ಎನ್ನಲಿಲ್ಲ.

36°30' ಗೆರೆಯ ನಕ್ಷೆ ಇನ್ನೂ ಮಜಾ. ಅದು ಉತ್ತರವನ್ನು ಒಡೆಯಲಿಲ್ಲ, ಒಡೆದದ್ದು ದಕ್ಷಿಣವನ್ನು. ವಿರೋಧದ 42ರಲ್ಲಿ 37 ದಕ್ಷಿಣದವರು, ಅದರಲ್ಲೂ ವರ್ಜೀನಿಯಾದವರೇ ಜಾಸ್ತಿ. ಉಳಿದ ದಕ್ಷಿಣದವರು ಒಪ್ಪಿದರು. ದಕ್ಷಿಣ ಒಂದೇ ಗುಂಪು ಎಂದು ಬಾಯಿಪಾಠ ಮಾಡಿದವರಿಗೆ ಈ ಎರಡು ನಕ್ಷೆ ಅಕ್ಕಪಕ್ಕ ಇಟ್ಟು ತೋರಿಸಬೇಕು.

ಮಧ್ಯೆ ದಾರಿ ಬಿಟ್ಟು ಒಂದು ಪ್ರಯೋಗ ಮಾಡಿದೆ. ಸೀಟು ಹಂಚುವಾಗ ಐದು ಗುಲಾಮರನ್ನು ಮೂವರು ಎಂದು ಎಣಿಸುವ ಐದನೇ ಮೂರು ಲೆಕ್ಕ ಇಲ್ಲದಿದ್ದರೆ ಎಷ್ಟು ಚುಕ್ಕೆ ಹೋಗುತ್ತಿದ್ದವು? 1810ರ ಜನಗಣತಿ, 35,000ಕ್ಕೆ ಒಂದು ಸೀಟು. ಗುಲಾಮರನ್ನು ಬಿಟ್ಟು ಭಾಗಿಸಿದರೆ ವರ್ಜೀನಿಯಾದ 23 ಸೀಟು 16ಕ್ಕೆ ಇಳಿಯುತ್ತದೆ, ದಕ್ಷಿಣ ಕೆರೊಲಿನಾದ 9 ಇಳಿದು 6 ಆಗುತ್ತದೆ. ಎರಡೇ ರಾಜ್ಯಗಳಲ್ಲಿ ಹತ್ತು ಸೀಟು. 90–87ರಲ್ಲಿ ಗೆಲುವಿನ ಅಂತರ ಮೂರು. ಆ ಹತ್ತನ್ನು ನಕ್ಷೆಯಲ್ಲಿ ತೋರಿಸಲು ಹೋಗಿ ಸೋತೆ. ಯಾವ ಸದಸ್ಯ ಹೆಚ್ಚುವರಿ ಎಂದು ಬೆರಳು ತೋರಿಸಲು ಆಗುವುದಿಲ್ಲವಲ್ಲ. ಈಗ ಅದು ಮೂಲೆಯಲ್ಲಿ ಚಿಕ್ಕ ಪಟ್ಟಿಯಾಗಿ ಕೂತಿದೆ.

ಇನ್ನೊಂದು ಪ್ರಯೋಗ ಸುಂಕದ್ದು. ಉಂಗುರ ಇರುವ ಪಿಟ್ಸ್‌ಬರ್ಗಿನ ಹೆನ್ರಿ ಬಾಲ್ಡ್ವಿನ್ ಅದೇ ವರ್ಷ ಸುಂಕ ಏರಿಸುವ ಮಸೂದೆ ತಂದ. ಮಿಸೌರಿಯಲ್ಲಿ ಕೈ ಹಿಡಿದವನಿಗೆ ದಕ್ಷಿಣದವರು ಋಣ ತೀರಿಸಿದರಾ ಎಂದು ಎರಡೂ ಮತಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ತೀರಿಸಿದ ಲಕ್ಷಣ ಇಲ್ಲ. ದಕ್ಷಿಣದ ಚುಕ್ಕೆಗಳು ಬಹುಪಾಲು ವಿರೋಧ. ಮಸೂದೆ ಕೆಳಮನೆ ದಾಟಿತು, ಸೆನೆಟ್ಟಿನಲ್ಲಿ ಒಂದೇ ಮತದಲ್ಲಿ ಸತ್ತಿತು.

ಒಂದೇ ಜಾಗದ ಆರು ಚುಕ್ಕೆಗಳನ್ನು ಒಂದರ ಮೇಲೊಂದು ಬೀಳದಂತೆ ಹೇಗೆ ಹರಡಿದೆ ಎಂದು ಬಹಳ ಮಂದಿ ಕೇಳಿದ್ದಾರೆ. ಒಂದು ಸಾಲಿನ ಎಕ್ಸ್‌ಪ್ರೆಷನ್ ಅದು. ಇಲ್ಲಿ ಕೊಡುವುದಿಲ್ಲ, ಅದಕ್ಕೆ ನಾನು ಒಂದಿಡೀ ಬೇಸಿಗೆ ರಜೆ ಸುಟ್ಟಿದ್ದೇನೆ. ಮುದ್ರಣಕ್ಕೆ ಕಿತ್ತಳೆಯ ಬಣ್ಣದ ಅಂಕಿಯೂ ಅಷ್ಟೇ, ಕೇಳಬೇಡಿ. ಕನ್ನಡ ಅಕ್ಷರದ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲ ಪ್ರತಿಯಲ್ಲಿ ಅಂಗಡಿಯವರು ಫೈಲ್ ತೆರೆದ ಕೂಡಲೇ ಯೂನಿಕೋಡ್ ಒಡೆದು ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಂದು ಕೂತವು. ಮ್ಯಾಸಚೂಸೆಟ್ಸ್ ಓದಲು ನನಗೇ ಆಗಲಿಲ್ಲ. ಹಾಗೇ ಪ್ರಿಂಟ್ ಕೂಡ ಆಗಿಹೋಯಿತು, ದುಡ್ಡು ವಾಪಸ್ ಇಲ್ಲ. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ರೇಖೆಗಳಾಗಿ ಮಾಡಿ ಕೊಡಿ, ಅಲ್ಲಿಗೆ ಮುಗಿಯಿತು. ಫ್ಲೆಕ್ಸ್ ಬೇಡ, ವಿನೈಲ್ ಹಾಕಿಸಿ. ಚಿಕ್ಕ ಚುಕ್ಕೆ ಫ್ಲೆಕ್ಸ್‌ನಲ್ಲಿ ಹರಡುತ್ತದೆ. ಲ್ಯಾಮಿನೇಷನ್ ಸೇರಿ ಮೂರು ನಕ್ಷೆಗೆ ನಾಲ್ಕು ಸಾವಿರದ ಆಸುಪಾಸು ಬಿತ್ತು. ಒಟ್ಟು ಖರ್ಚು ಇಪ್ಪತ್ತು ಸಾವಿರ ದಾಟಿರಬೇಕು. ಬೇರೆ ಕಾಲೇಜುಗಳಿಂದ ಬಂದದ್ದರಲ್ಲಿ ಅರ್ಧ ಹುಟ್ಟಿದೆ.

ಈಗ ಗ್ಯಾಗ್ ರೂಲ್ ಹಿಡಿದಿದ್ದೇನೆ. ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದು ಎಂದು 1836ರಲ್ಲಿ 117–68, 1840ರಲ್ಲಿ 114–108, ಕೊನೆಗೆ 1844ರಲ್ಲಿ ಅದನ್ನು ತೆಗೆದು ಹಾಕಲು 108–80. 1842ರಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬನೇ ಎಂಬ ಕಾನೂನು ಬಂದದ್ದರಿಂದ ಕೊನೆಯ ನಕ್ಷೆಗೆ ಪಾಲಿಗನ್ ಸಾಕಾಗುತ್ತದೆ ಎಂದು ಗೆಳೆಯರೊಬ್ಬರ ವಾದ. ನ್ಯೂ ಹ್ಯಾಂಪ್‌ಶೈರ್, ಜಾರ್ಜಿಯಾ, ಮಿಸಿಸಿಪಿ, ಮಿಸೌರಿ ನಾಲ್ಕೂ ಆ ಕಾನೂನಿಗೆ ಸೊಪ್ಪು ಹಾಕದೆ ಹಳೆ ಥರವೇ ಆರಿಸಿ ಕಳಿಸಿದವು. ಹಾಗಾಗಿ ಅಲ್ಲೂ ಚುಕ್ಕೆಯೇ ಗತಿ.